ಬೆನ್ನ ಹಿಂದಿನ ಹುರಿ

ಗಾಳದ ಕೋಲು ಬೀಸುವುದನ್ನು ಕಲಿಯಲು ನಾನು ತೆತ್ತ ಬೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬೆಲೆಯನ್ನು ಕೊನೆಗೆ ಹೇಳುವ ವ್ಯಾಪಾರಿಯ ಮೇಲೆ ನನಗೇ ನಂಬಿಕೆಯಿಲ್ಲ. ಒಂದು ಸೀರೆಯ ಸೆರಗಿಗೆ ಆಗುವಷ್ಟು ಒಳ್ಳೆಯ ರೇಷ್ಮೆ ಹೋಯಿತು. ದೀಪಾವಳಿಗೆ ಹೊಲಿಸಿದ ಕೋಟಿನ ಬೆನ್ನು ಹರಿಯಿತು. ಬಲಗಿವಿಯ ಅಂಚಿನ ಒಂದು ಚೂರು ಹೋಯಿತು, ಈಗಲೂ ಮುಟ್ಟಿದರೆ ತಿಳಿಯುತ್ತದೆ. ಮತ್ತು ನನ್ನ ಅಣ್ಣನನ್ನು ಮಣ್ಣು ಮಾಡಿದ ದಿನ ಕ್ರಿಯೆ ಮಾಡಿಸಿದ ಅಯ್ಯನವರ ಮುಂದೆ ತಲೆಯಾಡಿಸಿ ಒಪ್ಪಿಕೊಂಡಿದ್ದ ಒಂದು ಕಟ್ಟು ಮುರಿಯಿತು. ಉಳಿದವುಗಳಲ್ಲಿ ಹೇಗೋ ಚೌಕಾಸಿ ಮಾಡಿ ಕಡಿಮೆಗೆ ಗಿಟ್ಟಿಸಿದೆ. ಕಟ್ಟಿನ ವಿಷಯದಲ್ಲಿ ಚೌಕಾಸಿಗೆ ಎದುರಿಗೆ ಯಾರೂ ಇರಲಿಲ್ಲ.

ಮೀನಿನ ಆಸೆಗೆ ಕಲಿತೆನೆಂದು ತಿಳಿಯಬೇಡಿ. ನಮ್ಮದು ಇಳಕಲ್ಲಿನ ನೇಕಾರರ ಮನೆ. ಮೀನು ತಿನ್ನುವುದಿರಲಿ, ಅದರ ಹೆಸರೆತ್ತುವುದೂ ಒಲೆಯ ಹತ್ತಿರ ಆಗಿಬರುವುದಿಲ್ಲ. ಕಲಿತದ್ದು ವೈನಿಯ, ಅಂದರೆ ಅಣ್ಣನ ಹೆಂಡತಿಯ, ಸಲುವಾಗಿ. ಅಣ್ಣ ಸೀರೆಗಳ ಗಂಟು ಹೊತ್ತು ಹೊಳೆ ಆಚೆಯ ಊರುಗಳಿಗೆ ಹೋಗುವಾಗ ಐಹೊಳೆಯ ಕೆಳಗಿನ ಮಡುವಿನಲ್ಲಿ ಹರಿಗೋಲು ಮಗುಚಿತ್ತು. ಅದಾದ ಮೇಲೆ ವೈನಿ ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ, ಅವನ ಮಗ್ಗದ ಪಕ್ಕದಲ್ಲಿಯೇ ಉಳಿದರು. ರೇಷ್ಮೆಗೆ ಹುರಿ ಹಾಕಿ, ಲಾಳಿಯ ಕಂಡಿಕೆ ಸುತ್ತಿ, ತಮ್ಮ ಅಕ್ಕಿ ಜೋಳ ತಾವೇ ತರಿಸಿಕೊಳ್ಳುತ್ತಿದ್ದರು. ಮೈದುನನ ತಾಟಿನಲ್ಲಿ ಕೈಯಿಡಲಾರೆ ಎಂದು ಮೊದಲ ದಿನವೇ ಹೇಳಿದ್ದರು. ಆದರೆ ಆ ವರ್ಷ ಹುರಿಯ ಕೆಲಸ ಕಡಿಮೆಯಾಯಿತು. ಗುಡೂರಿನ ಅವರ ಅಣ್ಣಂದಿರು ಬಂದು ಕೂತು, ಸಂಕ್ರಾಂತಿಗೆ ಚಕ್ಕಡಿ ತರುತ್ತೇವೆ, ಅಷ್ಟರಲ್ಲಿ ಕಾಯಂ ಕೆಲಸ ಇಲ್ಲದಿದ್ದರೆ ಮಗ್ಗ ಮಾರಿ ತಂಗಿಯನ್ನು ಕರೆದೊಯ್ಯುತ್ತೇವೆ ಎಂದರು. ಕೆಟ್ಟವರಲ್ಲ ಅವರು. ಆದರೆ ಅಣ್ಣಂದಿರ ಹೆಂಡಿರ ಅಡಿಗೆಮನೆಯಲ್ಲಿ ವಿಧವೆಯ ಬಾಳು ಹೇಗಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವರು ಹೋದ ಮೇಲೆ ವೈನಿ ಮಗ್ಗದ ಗುಂಡಿಯ ಅಂಚಿನಲ್ಲಿ ಬಹಳ ಹೊತ್ತು ಕೂತಿದ್ದರು.

ಆಗಲೇ ಬಾಗಲಕೋಟೆಯ ಸ್ಟೇಶನ್ನಿನಲ್ಲಿ ಒಬ್ಬ ಇಂಗ್ಲಿಷ್ ಸಾಹೇಬರು ಸಿಕ್ಕರು. ನಾನು ರೇಷ್ಮೆಯ ಗಂಟು ಬಿಡಿಸಿಕೊಳ್ಳಲು ಹೋಗಿದ್ದೆ. ಅವರು ಹೊಳೆ ಅಳೆಯುವ ಮೋಜಣಿಯ ಎಂಜಿನಿಯರ್, ವಿಲಾಯತಿಯಿಂದ ಬರಬೇಕಾದ ಪಾರ್ಸಲ್ ಬಾರದ್ದಕ್ಕೆ ಕೆಂಪಾಗಿ ನಿಂತಿದ್ದರು. ಕೈಯಲ್ಲಿ ಗಾಳದ ಒಂದು ಹಳೆಯ ಹುರಿಯಿತ್ತು. ಮಳೆಗಾಲದ ಥಂಡಿಗೆ ಪೆಟ್ಟಿಗೆಯಲ್ಲಿಯೇ ಕೊಳೆತು, ಎಳೆದರೆ ಶಾವಿಗೆಯಂತೆ ತುಂಡಾಗುತ್ತಿತ್ತು. ನಾನು ಮುಟ್ಟಿ ನೋಡಿದೆ. ರೇಷ್ಮೆ! ಎಣ್ಣೆ ಕುಡಿಸಿ ಹೆಣೆದ ರೇಷ್ಮೆ. ಇಂಥದ್ದನ್ನು ನಮ್ಮೂರಿನಲ್ಲಿ ಹೆಣೆಯಬಹುದೆಂದೆ. ಸಾಹೇಬರು ಮುನ್ಶಿಯಿಂದ ಕನ್ನಡ ಕಲಿತು ಪರೀಕ್ಷೆ ಕೊಟ್ಟವರು. ಮಾತಾಡಿದರೆ ಸರಕಾರದ ಜಾಹೀರನಾಮೆ ಓದಿದಂತಿರುತ್ತಿತ್ತು. ಹೆಣೆದು ತರತಕ್ಕದ್ದು, ಸರಿಯಾಗಿದ್ದಲ್ಲಿ ಬೆಳಗಾವಿ, ಪುಣೆಗಳ ತಮ್ಮ ಗೆಳೆಯರೂ ವರ್ಷವರ್ಷ ಕೊಳ್ಳತಕ್ಕವರು ಎಂದರು.

ವೈನಿ ಎಂಟು ಎಳೆ ಹಿಡಿದು ಹೆಣೆದರು. ಈ ತುದಿಯಿಂದ ಆ ತುದಿಗೆ ಒಂದೇ ಸಮ, ಒಂದು ಗಂಟಿಲ್ಲ, ಹಾವಿನ ಬೆನ್ನಿನ ಹೊಳಪು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಒಯ್ದೆ. ಸಾಹೇಬರು ಬಂಗಲೆಯ ಅಂಗಳದಲ್ಲಿ ಒಂದು ಸಲ ಬೀಸಿದರು. ಹುರಿ ಅವರ ಕಾಲ ಬುಡದಲ್ಲಿಯೇ ಗುಡ್ಡೆಯಾಗಿ ಬಿತ್ತು. "ಇದು ದಾರವಾಗಿರುತ್ತದೆ," ಎಂದರು. "ಇದು ಬೀಸುವ ಹುರಿಯಾಗಿರುವುದಿಲ್ಲ."

ಇಂಥ ಹೊತ್ತಿನಲ್ಲಿ ಹೊಸಬರು ದರ ಇಳಿಸುತ್ತಾರೆ. ಅದು ತಪ್ಪು. ಮಾಲು ಯಾಕೆ ಬೇಡವೆಂದು ತಿಳಿಯದೆ ದರ ಇಳಿಸಿದವನು ಮಾಲನ್ನೂ ಕಳೆದುಕೊಳ್ಳುತ್ತಾನೆ, ಮರ್ಯಾದೆಯನ್ನೂ. ನಾನು ಹಣದ ಮಾತೇ ಎತ್ತಲಿಲ್ಲ. ನಿಮ್ಮ ಹಳೆಯ ಕೋಲೊಂದನ್ನು ಸಾಲ ಕೊಡಿ, ಬೀಸುವುದನ್ನು ಕಲಿಸಿ, ಹುರಿ ಏನು ಬೇಡುತ್ತದೆಂದು ನನ್ನ ಕೈಗೇ ತಿಳಿಯಲಿ ಎಂದೆ. ಸಾಹೇಬರು ನನ್ನ ರುಮಾಲು ನೋಡಿದರು, ಕೈ ನೋಡಿದರು. ಆಮೇಲೆ ಒಳಗಿನಿಂದ ಕೋಲನ್ನೂ, ಕೊಳೆಯದೆ ಉಳಿದಿದ್ದ ಒಂದು ತುಂಡು ಹುರಿಯನ್ನೂ ತಂದರು.

ಅದು ಬಿದಿರಿನ ಸೀಳುಗಳನ್ನು ಅಂಟಿಸಿ ಮಾಡಿದ ಕೋಲು, ತುದಿ ಹುಲ್ಲುಕಡ್ಡಿಯಷ್ಟು ತೆಳುವು. ನಮ್ಮ ಅಂಬಿಗರ ಗಾಳಕ್ಕೆ ಎರೆಹುಳ ಇರುತ್ತದೆ, ಸೀಸ ಇರುತ್ತದೆ. ಆ ಭಾರವೇ ದಾರವನ್ನು ಎಳೆದೊಯ್ಯುತ್ತದೆ. ಸಾಹೇಬರ ಗಾಳವೆಂದರೆ ಚಿಕ್ಕ ಕೊಕ್ಕೆಗೆ ನವಿಲುಗರಿ, ಕೋಳಿಪುಕ್ಕ ಸುತ್ತಿ ನೊಣದ ವೇಷ ಹಾಕಿದ್ದು, ಊದಿದರೆ ಹಾರಿಹೋಗುತ್ತದೆ. ಅದನ್ನು ಎಸೆಯಲಾಗುವುದಿಲ್ಲ. ಎಸೆಯುವುದು ಹುರಿಯನ್ನು, ನೊಣ ಅದರ ಬೆನ್ನು ಹತ್ತಿ ಹೋಗುತ್ತದೆ. ನಮ್ಮ ಮೊದಲ ಹುರಿ ಯಾಕೆ ಸೋತಿತೆಂದು ಅಲ್ಲಿಯೇ ತಿಳಿಯಿತು: ಅದರ ಹೊಟ್ಟೆಯಲ್ಲಿ ತೂಕವಿರಲಿಲ್ಲ. ಬಾರುಕೋಲಿನಂತೆ ನಡುವೆ ದಪ್ಪಗಿದ್ದು ತುದಿಗೆ ಸಣ್ಣಗಾಗುತ್ತ ಹೋಗಬೇಕಿತ್ತು.

ಬೀಸುವ ಕ್ರಮ ಹೀಗೆ. ಹೆಬ್ಬೆರಳು ಹಿಡಿಯ ಮೇಲೆ ಚಾಚಿರಬೇಕು. ಮೊಳಕೈ ಪಕ್ಕೆಗೆ ಹತ್ತಿರ. ನೀರಿನ ಮೇಲಿನ ಹುರಿಯನ್ನು ನಿಧಾನ ಎತ್ತಲು ಸುರುಮಾಡಿ, ವೇಗ ಏರಿಸುತ್ತ ಬಂದು, ಕೋಲು ಕಿವಿಯ ನೇರಕ್ಕೆ ನಿಂತ ಕೂಡಲೇ ಗಕ್ಕನೆ ನಿಲ್ಲಿಸಬೇಕು. ಹುರಿ ತಲೆಯ ಮೇಲಿನಿಂದ ಹಿಂದಕ್ಕೆ ಹಾರಿ, ಮಡಿಕೆ ಬಿಚ್ಚಿ, ಉದ್ದಕ್ಕೆ ನೆಟ್ಟಗಾಗುತ್ತದೆ. ಅಲ್ಲಿಯವರೆಗೆ ಕೈ ಕಾಯಬೇಕು. ನೆಟ್ಟಗಾದ ಗಳಿಗೆಗೆ ಮುಂದಕ್ಕೆ ತಳ್ಳಿ ಮತ್ತೆ ನಿಲ್ಲಿಸಬೇಕು. ಬೇಗ ತಳ್ಳಿದರೆ ಚಾಟಿಯ ಸಪ್ಪಳ ಬಂದು ನೊಣ ಹರಿದುಹೋಗುತ್ತದೆ. ತಡವಾದರೆ ಹುರಿ ಬೆನ್ನ ಮೇಲೆ ಬೀಳುತ್ತದೆ. ನನ್ನದು ಯಾವಾಗಲೂ ಬೇಗ. ಹದಿಹರೆಯದಿಂದ ಮಗ್ಗದಲ್ಲಿ ಕೂತ ಕೈ ನನ್ನದು. ಲಾಳಿ ಎಸೆದ ಕ್ಷಣಕ್ಕೆ ಹಲಿಗೆ ಬಡಿಯುವುದು ಅದಕ್ಕೆ ಅಭ್ಯಾಸ. ನಡುವೆ ಕಾಯುವುದೆಂದರೆ ಎಳೆ ಸಡಿಲಾದಂತೆ ಕೈ ಚಡಪಡಿಸುತ್ತಿತ್ತು. ಕಿವಿ ಹರಿದದ್ದು ಆ ಬಂಗಲೆಯ ಅಂಗಳದಲ್ಲಿಯೇ. ಸಾಹೇಬರು ಕೊಕ್ಕೆ ತೆಗೆದು, ಕೋಲಿನ ಜೋಡಿ ಒಂದು ಉಪಾಯವನ್ನೂ ಕೊಟ್ಟು ಕಳಿಸಿದರು: ಹಿಂದೆ ತಿರುಗಿ ನೋಡತಕ್ಕದ್ದು. ಹುರಿ ನೆಟ್ಟಗಾದದ್ದನ್ನು ಕಣ್ಣು ಕಂಡರೆ ಕೈ ತಾನಾಗಿ ಕಲಿಯುತ್ತದೆ.

ಇಳಕಲ್ಲಿನಲ್ಲಿ ನಮ್ಮ ಓಣಿಯ ಹಿಂದೆ ಹಾಸು ಹೂಡುವ, ಅಂದರೆ ಸೀರೆಯ ಉದ್ದದ ಎಳೆಗಳನ್ನು ಬಿಗಿದು ಕಟ್ಟುವ, ಉದ್ದನೆಯ ಬಯಲಿದೆ. ಬೆಳಗಿನ ಹಾಸು ಎತ್ತಿದ ಮೇಲೆ ಅಲ್ಲಿ ನಿಂತು, ಕೊಕ್ಕೆಯ ಬದಲು ಕೆಂಪು ರೇಷ್ಮೆಯ ಕುಚ್ಚು ಕಟ್ಟಿ, ಕಂಕುಳಲ್ಲಿ ಮಡಚಿದ ಸೀರೆಯೊಂದನ್ನು ಒತ್ತಿ ಹಿಡಿದು ಬೀಸಿದೆ. ಮೊಳಕೈ ಮೇಲೆದ್ದರೆ ಸೀರೆ ಬೀಳುತ್ತಿತ್ತು. ನೆಲದಲ್ಲಿ ನೀರಿಲ್ಲ, ಮೀನೆಲ್ಲಿ ಹುಡುಕುತ್ತಾನೆ ಇವನು ಎಂದು ನೆರೆಯವರು ನಕ್ಕರು. ನಾನು ತಿರುಗಿ ತಿರುಗಿ ನೋಡುತ್ತ ಬೀಸಿದೆ, ಹುರಿ ಹೇಳಿದ ಮಾತು ಕೇಳಿತು.

ಕೈ ಕಲಿತದ್ದನ್ನು ವೈನಿಗೆ ಹೇಳಿದೆ, ಅವರು ಎರಡನೆಯ ಹುರಿ ಹೆಣೆದರು. ನಡುವಿಗೆ ಹೆಚ್ಚು ಎಳೆ ಕೂಡಿಸಿ, ತುದಿಯತ್ತ ಒಂದೊಂದೇ ಬಿಡುತ್ತ ಬಂದರು. ಎಳೆ ಎಲ್ಲಿ ಬಿಟ್ಟಿತೆಂದು ಉಗುರಿಗೂ ತಿಳಿಯುತ್ತಿರಲಿಲ್ಲ. ಅಗಸಿ ಎಣ್ಣೆಯನ್ನು ದಾರ ಎಳೆಯುವ ಪಾಕಕ್ಕೆ ಕುದಿಸಿ, ಹುರಿಯನ್ನು ಅದರಲ್ಲಿ ನೆನೆಹಾಕಿ, ಒರೆಸಿ, ನೆರಳಿನಲ್ಲಿ ಜಂತಿಯಿಂದ ಜಂತಿಗೆ ಕಟ್ಟಿ ಒಣಗಿಸಿ, ಉಜ್ಜಿ, ಮತ್ತೆ ನೆನೆಹಾಕಿದರು. ಮನೆಯೆಲ್ಲ ಅಗಸಿಯ ವಾಸನೆ. ಕಾರ್ತಿಕ ಅದರಲ್ಲಿಯೇ ಹೋಯಿತು. ತುದಿಗೆ ಕಟ್ಟುವ ತಂತು ವಿಲಾಯತಿಯದು. ಅದನ್ನೂ ರೇಷ್ಮೆಹುಳದ ಹೊಟ್ಟೆಯಿಂದ ಎಳೆಯುತ್ತಾರೆಂದು ಕೇಳಿ ವೈನಿ ಅದನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು. ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕುವಂತೆ ಹುರಿಗೂ ತಂತುವಿಗೂ ಕೊಂಡಿ ಹಾಕಿಕೊಟ್ಟರು.

ಅಷ್ಟರಲ್ಲಿ ಸಾಹೇಬರು ಬಾದಾಮಿಯ ದಾರಿಯಲ್ಲಿ ಕುದುರೆಯಿಂದ ಬಿದ್ದು ಮುಂಗೈ ಮುರಿದುಕೊಂಡರು. ಅವರ ಡೇರೆ ಹೊಳೆಯ ದಂಡೆಗೆ ಬಂದಿತ್ತು. ನೀನೇ ಬಂದು ಬೀಸಿ ತೋರಿಸು, ನಾನು ನೋಡಿ ತೀರ್ಮಾನಿಸುತ್ತೇನೆ ಎಂದು ಹೇಳಿಕಳಿಸಿದರು. ಎಲ್ಲಿಗೆ ಎಂದು ಜವಾನನನ್ನು ಕೇಳಿದೆ. ಐಹೊಳೆಯ ಕೆಳಗೆ, ಮಡುವಿಗೆ ಅಂದ. ವೈನಿ ಒಳಗೆ ಇದ್ದರು. ಕೇಳಿಸಿತೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಹುನಗುಂದದ ಮೇಲಿಂದ ಚಕ್ಕಡಿಯಲ್ಲಿ ಹೋದೆ. ಅಣ್ಣ ತೀರಿಕೊಂಡ ವರ್ಷ ಹೊಳೆ ಅವನನ್ನು ತಡಮಾಡಿ ಬಿಟ್ಟುಕೊಟ್ಟಿತ್ತು. ಇಳಕಲ್ಲಿಗೆ ಒಯ್ಯುವ ಸ್ಥಿತಿ ಇರಲಿಲ್ಲ, ಮಡುವಿನ ಮೇಲಿನ ದಿಬ್ಬದಲ್ಲಿಯೇ ಕುಣಿ ತೋಡಿದೆವು. ಮಣ್ಣು ಕೊಟ್ಟು ಹೊರಟಾಗ ಅಯ್ಯನವರು ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದ್ದರು: "ತಿರುಗಿ ನೋಡಬ್ಯಾಡ. ನೀರಾಗ ಹೋದ ಜೀವ ದಾರಿ ಹುಡುಕ್ಕೋತ ಇರತೈತಿ. ನೋಡಿದವರ ಬೆನ್ನ ಹತ್ತಿ ಮನಿಗಿ ಬರತೈತಿ." ನಾನು ನೋಡಿರಲಿಲ್ಲ. ಆಮೇಲೆ ಆ ದಾರಿಯಲ್ಲಿ ವ್ಯಾಪಾರಕ್ಕೆ ಹೋದಾಗಲೂ ದಿಬ್ಬದ ಕಡೆ ಮುಖ ತಿರುಗಿಸಿದವನಲ್ಲ.

ಸಾಹೇಬರು ನಿಲ್ಲಲು ತೋರಿಸಿದ ಜಾಗ ದಿಬ್ಬದ ನೇರ ಕೆಳಗಿನ ಹರಳು ದಂಡೆ. ಎದುರಿಗೆ ಮಡು, ಆಚೆ ದಡದ ಹತ್ತಿರ ನೀರಿನಿಂದೆದ್ದ ಒಂದು ಕರಿಬಂಡೆ; ಅದರ ನೆರಳಿನಲ್ಲಿ ಮೀನು. ಹುರಿ ಅಲ್ಲಿಗೆ ಮುಟ್ಟಬೇಕು. ನನ್ನ ಬೆನ್ನಿಗೆ ಅಣ್ಣ. ಡೇರೆಗೆ ಹರಿಗೋಲು ಹಾಕುವ ಮುದಿ ಅಂಬಿಗ ನನ್ನ ಗುರುತು ಹಿಡಿದ. ಆ ವರ್ಷ ಕೊಕ್ಕೆ ಹಾಕಿ ಅಣ್ಣನನ್ನು ಮೇಲೆತ್ತಿದವನು ಅವನೇ. ಹತ್ತಿರ ಬಂದು ದನಿ ತಗ್ಗಿಸಿ, "ಸಾವಕಾರ್ರ, ಇಲ್ಲೇ ನಿಂದ್ರತೀರಿ?" ಎಂದ. ಇಲ್ಲೇ ಎಂದೆ. ಅವನು ಎಲೆಯಡಿಕೆ ಚೀಲ ಬಿಚ್ಚಿ ದೂರ ಹೋಗಿ ಕೂತ.

ಬೀಸಿದೆ. ಚಟ್ಟೆಂದು ಚಾಟಿಯ ಸಪ್ಪಳ, ನೊಣ ಇಲ್ಲ. ಮತ್ತೊಂದು ಕಟ್ಟಿ ಬೀಸಿದೆ. ಅದೂ ಹೋಯಿತು. ಬಯಲಿನಲ್ಲಿ ಪ್ರತಿ ಸಲ ತಿರುಗಿ ನೋಡಿದ್ದೆನೆಂಬುದೇ ನನಗೆ ಮರೆತಿತ್ತು. ಇಲ್ಲಿ ಕುತ್ತಿಗೆ ಮರದ ಗೂಟ. ಸಾಹೇಬರು ಬಂಡೆಯ ಮೇಲೆ ಕೂತು, ಕೊರಳಿಗೆ ಕಟ್ಟಿದ ಕೈಯಿಂದಲೇ ಸನ್ನೆ ಮಾಡಿ, "ಹಿಂದೆ ನೋಡತಕ್ಕದ್ದು!" ಎಂದು ಕೂಗುತ್ತಿದ್ದರು. ನೋಡದೆ ಎಣಿಸಿ ಕಾಯಲು ಯತ್ನಿಸಿದೆ. ಗಾಳಿ ಒಂದೊಂದು ಸಲ ಒಂದೊಂದು ತರಹ, ಎಣಿಕೆ ಕೂಡಲಿಲ್ಲ. ತಡಮಾಡಿದಾಗ ಕೊಕ್ಕೆ ಕೋಟಿನ ಬೆನ್ನಿಗೆ ಹತ್ತಿ ಹರಿಯಿತು. ಹುರಿ ನೀರು ಬಿಟ್ಟು ಏಳುವಾಗ ಒದ್ದೆ ಬಟ್ಟೆ ಎಳೆದಂತೆ ಸರ್ರೆನ್ನುತ್ತಿತ್ತು. ಆ ಸಪ್ಪಳ ಕೇಳಿದಾಗಲೆಲ್ಲ, ನೀರಿನಿಂದ ಅಣ್ಣನನ್ನು ದಡಕ್ಕೆ ಎಳೆದ ಹೊತ್ತು ಮೈಮೇಲೆ ಬರುತ್ತಿತ್ತು. ಆಮೇಲೆ ಬೆನ್ನ ಹಿಂದೆ ಒಂದು ಗಳಿಗೆ ಏನೂ ಸಪ್ಪಳವಿಲ್ಲ. ಆ ಸುಮ್ಮನಿರುವ ಗಳಿಗೆಯನ್ನೇ ನನ್ನ ಕೈ ತಾಳಲಾರದೆ ಮುಂದಕ್ಕೆ ತಳ್ಳುತ್ತಿತ್ತು.

ಮರುದಿನ ಹಾಗೆಯೇ. ಮೂರನೆಯ ದಿನ ಇಳಿಹೊತ್ತಿಗೆ ಹುರಿ ಹಿಂದಕ್ಕೆ ಹೋದದ್ದು ಬರಲಿಲ್ಲ. ಎಳೆದೆ, ಬರಲಿಲ್ಲ. ಅಂಬಿಗ ದಿಬ್ಬ ಹತ್ತಿ ಹೋದ. ನಾನು ನೀರು ನೋಡುತ್ತ ನಿಂತೆ. ಅವನು ನೊಣವನ್ನೂ, ಜೊತೆಗೆ ಒಂದು ಜಾಲಿಮುಳ್ಳನ್ನೂ ತಂದು ನನ್ನ ಅಂಗೈಯಲ್ಲಿಟ್ಟು, "ಹಿರೇ ಸಾವಕಾರ್ರು ಹಿಡಕೊಂಡ ಕುಂತಿದ್ರು, ಬಿಡಲಿಕ್ಕೇ ತಯಾರಿದ್ದಿಲ್ಲ," ಎಂದ. ನಗಿಸಲೆಂದೇ ಅಂದ; ಅವನ ಕಸುಬಿನವರು ಹೆಣದ ಜೊತೆಗೂ ಹಾಸ್ಯ ಮಾಡುತ್ತಾರೆ. ಏನಂತೆ ಎಂದು ಸಾಹೇಬರು ಕೇಳಿದರು. ಮುಳ್ಳಂತೆ ಎಂದೆ.

ಸಾಹೇಬರು ಹುರಿಯನ್ನು ಎಡಗೈಯಲ್ಲಿ ಹಿಡಿದು ತಿಕ್ಕಿ ನೋಡಿದರು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಅದು ಇನ್ನೂ ಕಷ್ಟ. ಬೀಸುವವನು ಶ್ರಮಪಟ್ಟಿದ್ದಾನೆ, ಆದಕಾರಣ ದೋಷವು ಹುರಿಯಲ್ಲಿದೆ, ನಾಳೆ ಮಧ್ಯಾಹ್ನದ ಟಪಾಲಿಗೆ ವಿಲಾಯತಿಗೆ ಬರೆಯುತ್ತೇನೆ ಎಂದರು. ದೋಷ ಹುರಿಯಲ್ಲಿಲ್ಲವೆಂದು ನನಗೆ ಗೊತ್ತಿತ್ತು. ಹಾಗೆಂದು ಹೇಳಿದರೆ ಮತ್ತೆ ಯಾಕೆ ತಿರುಗಿ ನೋಡುವುದಿಲ್ಲ ಎಂದು ಕೇಳುತ್ತಾರೆ. ಸಾಹೇಬನಿಗೆ ಸತ್ತ ಅಣ್ಣನ ಕಥೆ ಹೇಳಿ ಮಾಲು ಮಾರಲು ನನಗೆ ಮನಸ್ಸಾಗಲಿಲ್ಲ. ಮರುಕ ಪಟ್ಟು ಕೊಂಡವನು ಎರಡನೆಯ ಸಲ ಕೊಳ್ಳುವುದಿಲ್ಲ. ವೈನಿಗೆ ಬೇಕಾದದ್ದು ಒಂದು ಸಲದ ಮಾರಾಟವಲ್ಲ. ಇನ್ನೊಂದು ಮುಂಜಾವು ಕೊಡಿ ಎಂದಷ್ಟೇ ಕೇಳಿಕೊಂಡೆ.

ಬೆಳಿಗ್ಗೆ ಮಡುವಿನ ಮೇಲೆ ಹೊಗೆಯಂಥ ಮಂಜು ಇತ್ತು. ದಂಡೆಗೆ ನಡೆದುಬರುವಾಗ ಒಂದೇ ಲೆಕ್ಕ ಹಾಕಿದೆ: ನೋಡದಿದ್ದರೆ ವೈನಿ ಗುಡೂರಿಗೆ ಹೋಗುವುದು ಖಂಡಿತ. ನೋಡಿದರೆ ಅಣ್ಣ ಮನೆಗೆ ಬರುವುದು ಖಂಡಿತವಲ್ಲ. ಬಂದರೂ ಅವನು ಬರುವುದು ಅವನ ಮನೆಗೇ. ಕಾಲು ಸರಿಯಾಗಿ ಊರಿ, ಹುರಿ ಎತ್ತಿ, ಕೋಲು ನಿಲ್ಲಿಸಿ, ತಿರುಗಿದೆ.

ಹುರಿ ನನ್ನ ತಲೆಯ ಮೇಲಿನಿಂದ ಹೋಗಿ ಮಡಿಕೆ ಬಿಚ್ಚುತ್ತ ಬಿಚ್ಚುತ್ತ ದಿಬ್ಬದ ಮೇಲೆ ಉದ್ದಕ್ಕೆ ಚಾಚಿತು. ತುದಿ ನೆಟ್ಟಗಾದಾಗ ಕೈಗೆ ಒಂದು ಸಣ್ಣ ಜಗ್ಗು ಬಂತು. ಆ ಜಗ್ಗು ನನಗೆ ಹೊಸದಲ್ಲ. ಹಾಸು ಹೂಡುವಾಗ ಅಣ್ಣ ಯಾವಾಗಲೂ ಬಯಲಿನ ಆಚೆ ತುದಿ ಹಿಡಿಯುತ್ತಿದ್ದ. ಎಳೆ ಬಿಗಿಯಾದ ಕೂಡಲೇ ಕೂಗುವ ಬದಲು ಹೀಗೆಯೇ ಒಂದು ಸಲ ಜಗ್ಗುತ್ತಿದ್ದ, ಇನ್ನು ನೀನು ಕಟ್ಟು ಎಂದು.  ಕೈ ತನ್ನ ಕೆಲಸ ಮಾಡಿತು. ಹುರಿ ಮುಂದಕ್ಕೆ ಹೋಯಿತು, ಸಪ್ಪಳವಿಲ್ಲದೆ ಮಂಜಿನೊಳಗೆ ಹೊಕ್ಕು, ಕರಿಬಂಡೆಯ ಪಕ್ಕಕ್ಕೆ ಇಳಿಯಿತು. ಸಾಹೇಬರು ಎದ್ದು ನಿಂತರು.

ಮತ್ತೆ ಬೀಸಿದೆ, ಮತ್ತೆ ನೋಡಿದೆ. ಈಗ ದಿಬ್ಬವೂ ಕಂಡಿತು. ಅದು ಹಾಳುಬಿದ್ದಿರುತ್ತದೆ, ಮಳೆಗೆ ಕುಸಿದಿರುತ್ತದೆ ಎಂದುಕೊಂಡಿದ್ದೆ. ಕುಸಿದಿರಲಿಲ್ಲ. ಸುತ್ತಲಿನ ಕಲ್ಲುಗಳಿಗೆ ಸುಣ್ಣ ಬಳಿದಿತ್ತು, ಹುಲ್ಲು ಕಿತ್ತು ಸಾರಿಸಿದ ನೆಲ, ಜಾಲಿಯ ಒಂದು ಕೊಂಬೆಯನ್ನು ನೆರಳಿಗೆ ಬಿಟ್ಟು ಉಳಿದದ್ದನ್ನು ಯಾರೋ ಸವರಿದ್ದರು. ಸಾಹೇಬರು ಊಟಕ್ಕೆ ಹೋದ ಮೇಲೆ, ಇದನ್ನು ಯಾರು ಮಾಡುತ್ತಾರೆಂದು ಅಂಬಿಗನನ್ನು ಕೇಳಿದೆ. "ನಾ ಏನ ಹೇಳ್ಲಿರಿ," ಎಂದು ಅವನು ಹೊಳೆಯ ಕಡೆ ನೋಡಿದ. "ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸಿಕೊಂಡಾರ."

ಮಧ್ಯಾಹ್ನದ ಟಪಾಲಿಗೆ ವಿಲಾಯತಿಯ ಪತ್ರ ಹೋಗಲಿಲ್ಲ. ಸಾಹೇಬರು ತಮಗೂ ಗೆಳೆಯರಿಗೂ ಕೂಡಿ, ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಕೂಡಲೇ ಹೊಸ ಹುರಿ ಕೊಳ್ಳುವ ಮಾತು ಕೊಟ್ಟರು. ದರದ ಚೌಕಾಸಿ ಅಲ್ಲಿ ನಡೆಯಿತು; ಅದರಲ್ಲಿ ನಾನು ಸೋಲಲಿಲ್ಲ ಎಂದಷ್ಟು ಹೇಳಿದರೆ ಸಾಕು.

ಇಳಕಲ್ಲಿಗೆ ಮರಳುವಾಗ ಚಕ್ಕಡಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತೆ. ದಾರಿಯಲ್ಲಿ ಧೂಳಷ್ಟೇ ಇತ್ತು.

ವೈನಿಗೆ ಕೆಲಸ ಸಿಕ್ಕ ಸುದ್ದಿ ಮೊದಲು ಹೇಳಿದೆ. ಅವರು ಕಣ್ಣು ಮುಚ್ಚಿ ಮಗ್ಗದ ಕಂಬ ಹಿಡಿದುಕೊಂಡು, ಮತ್ತೆ ಎಳೆ ಜೋಡಿಸಲು ಕೂತರು. ಆಮೇಲೆ ಎಲ್ಲಿ ಬೀಸಿದೆನೆಂದು ಹೇಳಿದೆ, ತಿರುಗಿ ನೋಡಿದ್ದನ್ನೂ ಹೇಳಿದೆ. ತಪ್ಪಾಯಿತೇನೋ ವೈನಿ, ಅವನು ಬೆನ್ನು ಹತ್ತಿ ಬಂದಾನು ಎಂದೆ. ಅವರು ಎಳೆ ಜೋಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಬರೂದಿಲ್ಲ, ತಮ್ಮಾ," ಎಂದರು. "ನಾ ತೌರಿಗೆ ಹೋದಾಗೆಲ್ಲ ಅಲ್ಲಿಗೆ ಹೋಗೇನಿ. ಸುಣ್ಣಾ ಹಚ್ಚಿ ಬರುವಾಗ ಹೆಜ್ಜಿಗೊಮ್ಮೆ ತಿರುಗಿ ನೋಡೇನಿ. ಬರ್ಲಿ ಅಂತನ ನೋಡೇನಿ. ಒಮ್ಮೆನೂ ಬರಲಿಲ್ಲ ಅವರು."

 ಆಮೇಲೆ ಅವರೇ, ಸಾಹೇಬರ ಮುಂದಿನ ಹುರಿಯನ್ನು ಇನ್ನೂ ಎರಡು ಮಾರು ಉದ್ದ ಹೆಣೆಯುತ್ತೇನೆ, ಆ ಮಡು ಬೇಸಿಗೆಯಲ್ಲೂ ಭಾಳ ಅಗಲ ಎಂದರು. ಸಂಕ್ರಾಂತಿಗೆ ಗುಡೂರಿನವರ ಚಕ್ಕಡಿ ಬಂತು, ಎಳ್ಳು ಬೆಲ್ಲ ಕೊಟ್ಟು ಖಾಲಿ ಹೋಯಿತು.

ಇನ್ನು, ಈ ವಿದ್ಯೆ ಕಲಿಯಬೇಕೆನ್ನುವವರಿಗೆ ನನ್ನ ಮಾತು. ಮೊದಲ ತಿಂಗಳು ಕೊಕ್ಕೆ ಕಟ್ಟಬೇಡಿ, ರೇಷ್ಮೆಯ ಕುಚ್ಚು ಸಾಕು, ಕಿವಿ ಉಳಿಯುತ್ತದೆ. ನೀರಿಗೆ ಹೋಗುವ ಮುಂಚೆ ಬಯಲಿನಲ್ಲಿ ಕಲಿಯಿರಿ, ನಗುವವರನ್ನು ನಗಲು ಬಿಡಿ. ಒಣ ತಂತುವಿಗೆ ಗಂಟು ಹಾಕಬೇಡಿ. ಬಾಯಲ್ಲಿಟ್ಟೋ ನೀರಿನಲ್ಲಿಟ್ಟೋ ಮೆತ್ತಗಾದ ಮೇಲೆ ಹಾಕಿ. ಸಂಜೆಗೆ ಹುರಿಯನ್ನು ಕೋಲಿನ ಬುಡದ ಗಾಲಿಯಿಂದ ಪೂರ್ತಿ ಬಿಚ್ಚಿ ನೆರಳಿನಲ್ಲಿ ಹರವಿ. ಒದ್ದೆ ಸುತ್ತಿಟ್ಟರೆ ಒಂದೇ ಮಳೆಗಾಲಕ್ಕೆ ಕೊಳೆಯುತ್ತದೆ, ಆಗ ಹೆಣೆದವರನ್ನು ಬೈಯಬೇಡಿ. ಕೈಯ ಬಲವನ್ನು ನಂಬಬೇಡಿ, ನಿಲ್ಲಿಸುವುದನ್ನು ಕಲಿಯಿರಿ. ಎಣಿಸಿ ಕಾಯುತ್ತೇನೆ ಎನ್ನಬೇಡಿ, ತಿರುಗಿ ನೋಡಿ. ಮತ್ತು ಯಾವುದೇ ಹೊಸ ದಂಡೆಯಲ್ಲಿ ಕೋಲು ಜೋಡಿಸುವ ಮುಂಚೆ ಹಿಂದಿನ ದಿಬ್ಬವನ್ನು ಒಂದು ಸಲ ಹತ್ತಿ ಬನ್ನಿ. ಗಿಡವಿದ್ದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲಿ. ಸುಣ್ಣ ಬಳಿದ ಕಲ್ಲುಗಳಿದ್ದರೆ ಯಾರದೆಂದು ಅಂಬಿಗನನ್ನು ಕೇಳಿ, ಕೆರ ಬಿಟ್ಟು ಕೈಮುಗಿದು, ಆಮೇಲೆ ಬೀಸಿ.